ಕೆಲಸ ತಡವಾಗುವುದು ಎಲ್ಲಿ? ಹೆಸರಾಂತ ನಿಯಮಗಳನ್ನು ಸರಿಯಾದ ಹಂತದಲ್ಲಿ ಬಳಸುವ ಬಗೆ

ಎರಡು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು ಪುಣೆಯ ಹಿಂಜವಡಿ, ನವಿಮುಂಬಯಿಯ ಐರೋಳಿ ಕಡೆಯ ಕಚೇರಿಗಳಲ್ಲಿ ಹೊಸದಾಗಿ ತಂಡದ ಹೊಣೆ ಹೊತ್ತವರದು: "ಪಾರ್ಕಿನ್ಸನ್ ಹೇಳಿದಂತೆ ಗಡುವನ್ನು ಬಿಗಿ ಮಾಡಬೇಕೇ, ಹೋಫ್‌ಸ್ಟಾಟರ್ ಹೇಳಿದಂತೆ ಸಡಿಲ ಬಿಡಬೇಕೇ?" ಎರಡನೆಯದು ಕನ್ನಡ ಸಂಘಗಳ ಕಾರ್ಯದರ್ಶಿಗಳದು: "ಪ್ರತಿ ವರ್ಷವೂ ಸ್ಮರಣ ಸಂಚಿಕೆ ಬಿಡುಗಡೆಯ ದಿನವೇ ಬೈಂಡಿಂಗ್ ಅಂಗಡಿಯಿಂದ ನೇರವಾಗಿ ಸಭಾಂಗಣಕ್ಕೆ ಬರುತ್ತದೆ, ಅಂಟು ಕೂಡ ಒಣಗಿರುವುದಿಲ್ಲ. ಏನು ಮಾಡೋಣ?"

ಎರಡೂ ಒಂದೇ ಪ್ರಶ್ನೆ. ಕೊಟ್ಟ ಕಾಲವನ್ನೆಲ್ಲ ಕೆಲಸ ತುಂಬಿಕೊಳ್ಳುತ್ತದೆ ಎಂಬುದು ಪಾರ್ಕಿನ್ಸನ್ ನಿಯಮ, ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದು ಹೋಫ್‌ಸ್ಟಾಟರ್ ನಿಯಮ. ಈ ನಿಯಮಗಳೆಲ್ಲ ಗುರುತ್ವಾಕರ್ಷಣೆಯಂಥ ನಿಯಮಗಳಲ್ಲ. ಒಂದೊಂದೂ ವಿಳಂಬದ ಒಂದೊಂದು ಕಾರಣವನ್ನು ತೋರಿಸುತ್ತದೆ, ಅಷ್ಟೆ. ಒಂದರ ಮದ್ದು ಇನ್ನೊಂದಕ್ಕೆ ವಿಷವಾಗಬಹುದು. ಆದ್ದರಿಂದ ನಿಯಮಗಳನ್ನು ಉರುಹೊಡೆಯುವುದಕ್ಕಿಂತ, ಯಾವ ಹಂತದಲ್ಲಿ ಯಾವುದನ್ನು ತೆಗೆಯಬೇಕು ಎಂದು ತಿಳಿಯುವುದು ಮುಖ್ಯ. ಉದಾಹರಣೆಗೆ ನಾನು ಸ್ಮರಣ ಸಂಚಿಕೆಯನ್ನೇ ಹಿಡಿದಿದ್ದೇನೆ. ಕಚೇರಿಯವರು ಲೇಖನದ ಜಾಗದಲ್ಲಿ ಕೋಡ್, ಮುದ್ರಣಾಲಯದ ಜಾಗದಲ್ಲಿ ಗ್ರಾಹಕ ಎಂದು ಓದಿಕೊಂಡರೆ ಸಾಕು.

ಬೇಕಾದ ಸಾಮಗ್ರಿ: ಒಂದು ನೋಟ್‌ಪುಸ್ತಕ, ಗೋಡೆಯ ಕ್ಯಾಲೆಂಡರ್, ಕಳೆದ ಎರಡು ಮೂರು ವರ್ಷಗಳ ರಸೀದಿ ಮತ್ತು ಬಿಲ್ಲುಗಳು, ಕೆಲಸ ಮಾಡುವವರೆಲ್ಲ ಒಟ್ಟಿಗೆ ಕೂರುವ ಒಂದು ಭಾನುವಾರ. ತಂತ್ರಾಂಶ ಬೇಕಾಗಿಲ್ಲ. ಇದ್ದರೆ ಬೇಡ ಎನ್ನುವುದಿಲ್ಲ, ಆದರೆ ಅದಕ್ಕೆ ಬಣ್ಣ ತುಂಬುವುದರಲ್ಲೇ ಮೊದಲ ವಾರ ಕಳೆಯಬೇಡಿ.

1. 'ಮುಗಿಯಿತು' ಎಂದರೆ ಏನೆಂದು ಒಂದು ಸಾಲಿನಲ್ಲಿ ಬರೆಯಿರಿ

"ಸಂಚಿಕೆ ತರುವುದು" ಎಂದು ಬರೆದರೆ ಸಾಲದು. "ಅಕ್ಟೋಬರ್ 25ರ ಸಂಜೆಯೊಳಗೆ, 120 ಪುಟಗಳ 500 ಪ್ರತಿಗಳು ಸಂಘದ ಕಚೇರಿಯಲ್ಲಿ ಇರಬೇಕು" ಎಂದು ಬರೆಯಿರಿ. ರಾಜ್ಯೋತ್ಸವ ನವೆಂಬರ್ 1ಕ್ಕೆ, ಹಾಗಾದರೆ 25 ಏಕೆ ಎಂದು ಯಾರಾದರೂ ಕೇಳುತ್ತಾರೆ. ಪ್ರತಿಗಳನ್ನು ಎಣಿಸಿ, ಪುಟ ತಲೆಕೆಳಗಾದವುಗಳನ್ನು ಹಿಂದಿರುಗಿಸುವುದಕ್ಕೂ ಕೆಲವು ದಿನ ಬೇಕು ಎಂದು ಹೇಳಿ.

2. ಕೆಲಸಗಳನ್ನು ಬಿಡಿಸಿ, ಒಂದೊಂದಕ್ಕೂ ಒಬ್ಬರದೇ ಹೆಸರು ಬರೆಯಿರಿ

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದರು. ಜನ ಹೆಚ್ಚಿದಂತೆ ಒಟ್ಟು ಬಲ ಹೆಚ್ಚುತ್ತದೆ, ಆದರೆ ತಲಾ ಒಬ್ಬರು ಹಾಕುವ ಬಲ ಇಳಿಯುತ್ತದೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂದು ನಮ್ಮವರು ಅಳೆಯದೆಯೇ ಹೇಳಿದ್ದರು. "ಜಾಹೀರಾತು: ಸಮಿತಿ" ಎಂಬ ಸಾಲು ನಿಮ್ಮ ಪಟ್ಟಿಯಲ್ಲಿದ್ದರೆ ಅದನ್ನು ಈಗಲೇ ಹೊಡೆದುಹಾಕಿ. ಐದು ಜನ ಓಡಾಡಲಿ, ಉತ್ತರ ಹೇಳಬೇಕಾದವರು ಒಬ್ಬರೇ ಇರಲಿ.

3. ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಗೆರೆ ಎಳೆಯಿರಿ

ಕೆಲವು ಕೆಲಸಗಳು ಪಕ್ಕಪಕ್ಕದಲ್ಲೇ ನಡೆಯುತ್ತವೆ, ಕೆಲವು ಒಂದು ಮುಗಿದ ಮೇಲೆಯೇ ಶುರುವಾಗುತ್ತವೆ. ಹೀಗೆ ಕಾದು ನಿಲ್ಲುವ ಕೆಲಸಗಳ ಅತಿ ಉದ್ದದ ಸರಪಳಿಗೆ ಕ್ರಿಟಿಕಲ್ ಪಾತ್, ಅಂದರೆ ನಿರ್ಣಾಯಕ ಹಾದಿ ಎನ್ನುತ್ತಾರೆ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1957ರ ಹೊತ್ತಿಗೆ ಬೆಳೆದ ಲೆಕ್ಕ ಇದು. ಈ ಹಾದಿಯಲ್ಲಿ ಒಂದು ದಿನ ಜಾರಿದರೆ ಇಡೀ ಯೋಜನೆ ಒಂದು ದಿನ ಜಾರುತ್ತದೆ. ಬೇರೆ ಕಡೆ ಜಾರಿದರೆ ಸ್ವಲ್ಪ ಮಟ್ಟಿಗೆ ನಡೆಯುತ್ತದೆ.

ನಮ್ಮ ಸಂಚಿಕೆಗೆ ಹೀಗೆ ಇಟ್ಟುಕೊಳ್ಳಿ: ಲೇಖನ ಸಂಗ್ರಹಕ್ಕೆ 30 ದಿನ, ಪುಟವಿನ್ಯಾಸಕ್ಕೆ 12, ಕರಡು ತಿದ್ದುವುದಕ್ಕೆ 9, ಮುದ್ರಣ ಮತ್ತು ಬೈಂಡಿಂಗ್‌ಗೆ 10. ಒಟ್ಟು 61. ಇದರ ಪಕ್ಕದಲ್ಲಿ ಜಾಹೀರಾತು ಸಂಗ್ರಹಕ್ಕೆ 35, ಅವುಗಳ ವಿನ್ಯಾಸಕ್ಕೆ 5, ಒಟ್ಟು 40 ದಿನ. ಕರಡು ತಿದ್ದುವ ಮುನ್ನ ಎರಡೂ ಸಾಲು ಕೂಡಬೇಕು. ಲೇಖನದ ಸಾಲು ಅಲ್ಲಿಗೆ ಬರುವುದು 42ನೆಯ ದಿನ, ಜಾಹೀರಾತಿನದು 40ನೆಯ ದಿನ. ಜಾಹೀರಾತಿನವರಿಗೆ ಎರಡು ದಿನದ ಬಿಡುವು ಉಂಟು. ಮೂರನೆಯ ದಿನ ಜಾರಿದರೆ ಅವರೇ ನಿರ್ಣಾಯಕ ಹಾದಿ.

ಇಲ್ಲಿ ಬಹಳ ಜನ ಎಡವುವುದು ಮಹತ್ವ ಮತ್ತು ನಿರ್ಣಾಯಕತೆಯನ್ನು ಒಂದೇ ಎಂದು ತಿಳಿಯುವುದರಲ್ಲಿ. ಮುಖಪುಟ ಬಹಳ ಮಹತ್ವದ್ದು, ಆದರೆ ಅದನ್ನು ಯಾವ ವಾರ ಬೇಕಾದರೂ ಮಾಡಬಹುದು. ಕರಡು ತಿದ್ದುವುದು ಯಾರ ಕಣ್ಣಿಗೂ ಬೀಳದ ಕೆಲಸ, ಆದರೆ ಎಲ್ಲರೂ ಕಾಯುವುದು ಅದಕ್ಕೇ.

4. ದಿನಗಳನ್ನು ಅಂದಾಜು ಮಾಡಿ, ನಿಮ್ಮ ಮಾತನ್ನೇ ನಂಬಬೇಡಿ

ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಕಡಿಮೆ ಎಣಿಸುತ್ತಾರೆ, ಹಿಂದಿನ ಬಾರಿ ತಡವಾದದ್ದು ನೆನಪಿದ್ದರೂ ಎಣಿಸುತ್ತಾರೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ 1979ರಲ್ಲಿ ಇದಕ್ಕೆ 'ಯೋಜನಾ ಭ್ರಮೆ' ಎಂಬ ಅರ್ಥದ ಹೆಸರು ಕೊಟ್ಟರು. ಅದೇ ವರ್ಷ ಅಮೆರಿಕದ ವಿದ್ವಾಂಸ ಡಗ್ಲಸ್ ಹೋಫ್‌ಸ್ಟಾಟರ್ ಇನ್ನೂ ಚುಟುಕಾಗಿ ಹೇಳಿದರು: ಕೆಲಸ ಯಾವಾಗಲೂ ನೀವು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ಈ ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಇದು ಸಣ್ಣವರ ದೌರ್ಬಲ್ಯವೇನಲ್ಲ. ಬಾಂದ್ರಾ-ವರ್ಲಿ ಸಮುದ್ರ ಸೇತುವೆಗೆ 1999ರಲ್ಲಿ ಶಂಕುಸ್ಥಾಪನೆಯಾದಾಗ ಐದು ವರ್ಷಗಳ ಲೆಕ್ಕವಿತ್ತು. ವಾಹನಗಳು ಅದರ ಮೇಲೆ ಓಡಿದ್ದು 2009ರಲ್ಲಿ.

ಮದ್ದು ಎರಡು. ಮೊದಲನೆಯದು ಹಳೆಯ ಬಿಲ್ಲುಗಳನ್ನು ತೆಗೆಯುವುದು. ಕಳೆದ ವರ್ಷ ಮುದ್ರಣಾಲಯಕ್ಕೆ ಕಡತ ಹೋದದ್ದು ಯಾವಾಗ, ಪ್ರತಿಗಳು ಬಂದದ್ದು ಯಾವಾಗ? ಆ ಅಂತರವೇ ಅಂದಾಜು. "ಈ ಸಲ ಹಾಗಾಗುವುದಿಲ್ಲ" ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಹಳೆಯ ದಾಖಲೆ ಇಲ್ಲದಿದ್ದರೆ ಎರಡನೆಯದು, ಮೂರು ಅಂಕಿಗಳ ಅಂದಾಜು. ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಯಲ್ಲಿ 1958ರಲ್ಲಿ ಬಳಕೆಗೆ ಬಂದ 'ಪರ್ಟ್' ಪದ್ಧತಿಯದು. ಎಲ್ಲವೂ ಸರಿಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು ಎಂದು ಕೇಳಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ. ಕರಡು ತಿದ್ದಲು 4, 7, 22 ದಿನ ಎಂದರೆ: 4 + 28 + 22 = 54, ಆರರಿಂದ ಭಾಗಿಸಿದರೆ 9. ಹಿಂದಿನ ಹಂತದಲ್ಲಿ 9 ಎಂದು ಬರೆದದ್ದು ಹೀಗೆ ಬಂದದ್ದು.

ಎಚ್ಚರಿಕೆ: ಗಂಟೆ ಬೇರೆ, ದಿನ ಬೇರೆ. 120 ಪುಟಗಳ ಕರಡು ಓದಲು ಹನ್ನೆರಡು ಗಂಟೆ ಸಾಕಾಗಬಹುದು. ಓದುವವರು ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರಾದರೆ ಆ ಹನ್ನೆರಡು ಗಂಟೆ ಒಂದೂವರೆ ವಾರ.

5. ಮೀಸಲು ದಿನಗಳನ್ನು ಹಂಚಬೇಡಿ, ಒಂದೇ ಕಡೆ ಕೂಡಿಡಿ

ಈಗ ಹಿಂಜವಡಿಯ ಪ್ರಶ್ನೆಗೆ ಬರೋಣ. ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ.

ಬ್ರಿಟಿಷ್ ಇತಿಹಾಸಕಾರ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಎಕನಾಮಿಸ್ಟ್ ವಾರಪತ್ರಿಕೆಯಲ್ಲಿ ಬರೆದದ್ದು: ಕೆಲಸವು ಅದಕ್ಕೆ ಕೊಟ್ಟ ಕಾಲವನ್ನೆಲ್ಲ ತುಂಬುವಂತೆ ಹಿಗ್ಗುತ್ತದೆ. ಅವರು ಹೇಳಹೊರಟದ್ದು ಮುಖ್ಯವಾಗಿ ಸರ್ಕಾರಿ ಕಚೇರಿಗಳು ಊದಿಕೊಳ್ಳುವ ಬಗೆಯನ್ನು. 1914ರಿಂದ 1928ರ ನಡುವೆ ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 62ರಿಂದ 20ಕ್ಕೆ ಇಳಿದಿದ್ದವು. ನೌಕಾ ಇಲಾಖೆಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದರು. ಇಂದು ನಾವು ಅವರ ಮೊದಲ ಸಾಲನ್ನು ಮಾತ್ರ ಇಟ್ಟುಕೊಂಡಿದ್ದೇವೆ, ಇರಲಿ.

ಇದನ್ನು ಓದಿದ ಮೇಲಧಿಕಾರಿ ಗಡುವನ್ನು ಅರ್ಧಕ್ಕಿಳಿಸುತ್ತಾನೆ. ಹೋಫ್‌ಸ್ಟಾಟರ್ ಓದಿದ ಕೆಲಸಗಾರ ತನ್ನ ಅಂದಾಜನ್ನು ಎರಡರಷ್ಟು ಹೇಳುತ್ತಾನೆ. ಮುಂದಿನ ಸಲ ಅವನು ಇನ್ನಷ್ಟು ಕಡಿಯುತ್ತಾನೆ, ಇವನು ಇನ್ನಷ್ಟು ಏರಿಸುತ್ತಾನೆ. ಸಂತೆಯ ಚೌಕಾಸಿ ನಡೆಯುತ್ತದೆ, ಕೆಲಸದ ನಿಜವಾದ ಅಳತೆ ಇಬ್ಬರಿಗೂ ಸಿಕ್ಕುವುದಿಲ್ಲ.

ಇಬ್ಬರು ಹೇಳಿದ್ದೂ ನಿಜ, ಆದರೆ ಬೇರೆ ಬೇರೆ ವಸ್ತುಗಳ ಬಗ್ಗೆ ನಿಜ. ಹಿಗ್ಗುವುದು ಬಿಡಿ ಬಿಡಿ ಕೆಲಸ, ಜಾರುವುದು ಇಡೀ ಯೋಜನೆ. ಪ್ರತಿ ಕೆಲಸದ ಒಳಗೂ ನಾಲ್ಕಾರು ಹೆಚ್ಚಿನ ದಿನಗಳನ್ನು ಅಡಗಿಸಿಟ್ಟರೆ ಅವು ಅಲ್ಲೇ ಕರಗುತ್ತವೆ. "ಇನ್ನೂ ದಿನ ಇದೆ" ಎಂದು ಕೊನೆಯ ವಾರದಲ್ಲಿ ಶುರು ಮಾಡುವುದು ಒಂದು ಕಾರಣ. ನಿರ್ವಹಣಾ ಚಿಂತಕ ಎಲಿಯಾಹು ಗೋಲ್ಡ್‌ರಾಟ್, ಪರೀಕ್ಷೆಗೆ ಕೊನೆಗಳಿಗೆಯಲ್ಲಿ ಓದುವ ವಿದ್ಯಾರ್ಥಿಗಳನ್ನು ನೆನೆದು, ಅದಕ್ಕೆ 'ಸ್ಟೂಡೆಂಟ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಇನ್ನೊಂದು ಕಾರಣ, ಬೇಗ ಮುಗಿಸಿದವರು ಬೇಗ ಒಪ್ಪಿಸುವುದಿಲ್ಲ. ಒಪ್ಪಿಸಿದರೆ ಮುಂದಿನ ಸಲ ಅಷ್ಟೇ ದಿನ ಕೊಡುತ್ತಾರೆ ಎಂಬ ಭಯ.

ಆದ್ದರಿಂದ ಹೀಗೆ ಮಾಡಿ. ಪ್ರತಿಯೊಬ್ಬರನ್ನೂ ಕೇಳಿ: "ಮುಗಿಯುವುದಕ್ಕೂ ಮುಗಿಯದಿರುವುದಕ್ಕೂ ಸಮಪಾಲು ಸಾಧ್ಯತೆ ಇರುವಷ್ಟು ದಿನ ಹೇಳಿ, ತಪ್ಪಿದರೆ ಬಯ್ಯುವುದಿಲ್ಲ." ಲೇಖನಕ್ಕೆ 20, ವಿನ್ಯಾಸಕ್ಕೆ 8, ಕರಡಿಗೆ 7, ಮುದ್ರಣಕ್ಕೆ 8 ಎಂದರು ಎನ್ನಿ. ಒಟ್ಟು 43. ಮೊದಲಿನ 61ರಲ್ಲಿ 18 ದಿನ ಹೊರಗೆ ಬಂತು. ಗೋಲ್ಡ್‌ರಾಟ್ ಪದ್ಧತಿಯಲ್ಲಿ ಹೀಗೆ ಬಂದದ್ದರ ಅರ್ಧವನ್ನು ಯೋಜನೆಯ ತುದಿಯಲ್ಲಿ ಮೀಸಲಾಗಿ ಇಡುವುದು ರೂಢಿ. ಇದಕ್ಕೆ ಬಫರ್ ಎನ್ನುತ್ತಾರೆ. ಸಂಬಳವಿಲ್ಲದೆ ದುಡಿಯುವವರ ಕೆಲಸದಲ್ಲಿ ನಾನು ಅರ್ಧಕ್ಕೆ ಇಳಿಸುವುದಿಲ್ಲ. ಮೊದಲ ವರ್ಷ ಹದಿನೆಂಟನ್ನೂ ಹಾಗೆಯೇ ಇಡುತ್ತೇನೆ.

ಬಳಿಕ ಮೀಸಲನ್ನು ಮೂರು ಭಾಗ ಮಾಡಿ. ಮೊದಲ 6 ದಿನ ಖರ್ಚಾದರೆ ಸುಮ್ಮನಿರಿ. ಎರಡನೆಯ 6ಕ್ಕೆ ಕೈ ಹಾಕಿದಾಗ ಏನು ಮಾಡಬೇಕೆಂದು ಯೋಚಿಸಿಡಿ. ಮೂರನೆಯದಕ್ಕೆ ಬಂದರೆ ಆ ಯೋಚನೆಯನ್ನು ಜಾರಿಗೆ ತನ್ನಿ. ವಾರಕ್ಕೊಮ್ಮೆ "ಎಲ್ಲಿಗೆ ಬಂತು?" ಎಂದು ಎಲ್ಲರನ್ನೂ ಕೇಳಿ ಬೇಸರ ಮಾಡುವುದಕ್ಕಿಂತ ಇದು ಮೇಲು.

ಎರಡು ಕಡೆ ಜಾರುತ್ತೀರಿ. ಒಂದು, ಲೇಖನದ ಸಾಲನ್ನು ಮಾತ್ರ ಇಳಿಸಿ ಜಾಹೀರಾತನ್ನು 40ರಲ್ಲೇ ಬಿಟ್ಟರೆ, 28ನೆಯ ದಿನ ಪುಟಗಳು ಸಿದ್ಧವಾಗಿ ಕುಳಿತಿರುತ್ತವೆ, ಜಾಹೀರಾತು ಇನ್ನೂ ಬಂದಿರುವುದಿಲ್ಲ. ಅದನ್ನೂ ಇದೇ ಪ್ರಶ್ನೆ ಕೇಳಿ 27ರ ಹತ್ತಿರಕ್ಕೆ ತನ್ನಿ. ಇನ್ನೊಂದು, "ಬಯ್ಯುವುದಿಲ್ಲ" ಎಂದು ಹೇಳಿ ಬೈದರೆ ಈ ಪದ್ಧತಿ ಅಂದಿಗೇ ಸತ್ತಿತು. ಮರುವರ್ಷ ಎಲ್ಲರೂ ಎರಡರಷ್ಟು ಹೇಳುತ್ತಾರೆ.

6. ಕೆಡುವುದನ್ನು ಮೊದಲೇ ಕೆಡಿಸಿ ನೋಡಿ

ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎಂಬ ಮರ್ಫಿಯ ಮಾತು ಹಣೆಬರಹದ ಗೊಣಗಾಟವಲ್ಲ. ಎಡ್ವರ್ಡ್ ಮರ್ಫಿ ಎಂಜಿನಿಯರ್. 1949ರಲ್ಲಿ ಕ್ಯಾಲಿಫೋರ್ನಿಯಾದ ವಾಯುನೆಲೆಯೊಂದರಲ್ಲಿ ಸಂವೇದಕಗಳನ್ನು ತಪ್ಪಾಗಿ ಜೋಡಿಸಿ ಪರೀಕ್ಷೆ ವ್ಯರ್ಥವಾದಾಗ ಹುಟ್ಟಿದ ಮಾತು ಅದು. ಎಂಜಿನಿಯರ್ ಅದರಿಂದ ಕಲಿಯುವುದು, ತಪ್ಪಾಗಿ ಜೋಡಿಸಲು ಬಾರದಂತೆ ಮಾಡಬೇಕು ಎಂದು.

ನೀವು ಅರ್ಧ ಗಂಟೆ ಕುಳಿತು, "ಅಕ್ಟೋಬರ್ 25 ಬಂತು, ಸಂಚಿಕೆ ಬರಲಿಲ್ಲ. ಏಕೆ?" ಎಂದು ಪ್ರತಿಯೊಬ್ಬರಿಂದಲೂ ಚೀಟಿಯಲ್ಲಿ ಬರೆಸಿ. ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಹೆಸರು ಮಾಡಿಸಿದ ಉಪಾಯ ಇದು. ನಮ್ಮ ಕಡೆಯ ಚೀಟಿಗಳು ಸಾಮಾನ್ಯವಾಗಿ ಹೀಗಿರುತ್ತವೆ: ಗಣೇಶ ಚತುರ್ಥಿಗೆ ಮುದ್ರಣಾಲಯದ ಕೊಂಕಣದ ಕೆಲಸಗಾರರು ಊರಿಗೆ ಹೋದರು. ದೀಪಾವಳಿಯ ಕ್ಯಾಲೆಂಡರ್, ಶುಭಾಶಯ ಪತ್ರಗಳ ಭರಾಟೆಯಲ್ಲಿ ನಮ್ಮ ಕೆಲಸ ಹಿಂದೆ ಬಿತ್ತು. ಮಳೆಗೆ ಲೋಕಲ್ ನಿಂತು ಸಭೆ ರದ್ದಾಯಿತು. ಯುನಿಕೋಡ್‌ನಲ್ಲಿ ಬಂದ ಲೇಖನಗಳನ್ನು ಹಳೆಯ 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವೊತ್ತುಗಳು ಚೆದುರಿದವು. 25 ಅಕ್ಟೋಬರ್‌ನಿಂದ 61 ದಿನ ಹಿಂದಕ್ಕೆ ಎಣಿಸಿ, 25 ಆಗಸ್ಟ್ ಬರುತ್ತದೆ. ಮಳೆಯ ಕೊನೆ, ಗಣೇಶ, ನವರಾತ್ರಿ ಎಲ್ಲ ಆ ನಡುವೆಯೇ ಬಿದ್ದಿರುತ್ತವೆ. ಗೋಡೆಯ ಕ್ಯಾಲೆಂಡರ್ ಬೇಕೆಂದದ್ದು ಇದಕ್ಕೆ.

ಚೀಟಿಗಳಲ್ಲಿ ಹೆಚ್ಚು ಬಾರಿ ಬಂದ ಎರಡಕ್ಕೆ ಇಂದೇ ಪರಿಹಾರ ಹುಡುಕಿ. ಉಳಿದವಕ್ಕೆ ಮೀಸಲು ಇದೆ. ಅಕ್ಷರದ ತೊಂದರೆಗೆ ಪರಿಹಾರ ಬಲು ಸುಲಭ, ಮೊದಲ ವಾರವೇ ಒಂದು ಪುಟವನ್ನು ಮುದ್ರಣಾಲಯಕ್ಕೆ ಕಳುಹಿಸಿ ತೆಗೆಸಿ ನೋಡಿ.

7. ಕೈಯಲ್ಲಿ ಹಿಡಿದ ಕೆಲಸಗಳಿಗೆ ಮಿತಿ ಹಾಕಿ

ಮುಂಬಯಿಯಲ್ಲಿ ಕುಳಿತು ನಿರ್ವಹಣೆಯ ಬಗ್ಗೆ ಬರೆಯುವವರೆಲ್ಲ ಡಬ್ಬಾವಾಲಾಗಳನ್ನು ಕರೆತರುತ್ತಾರೆ. ನಾನು ನಿಮ್ಮನ್ನು ಭಾನುವಾರ ಬೆಳಿಗ್ಗೆ ಮಾಟುಂಗದ ಉಡುಪಿ ಹೋಟೆಲಿನ ಬಾಗಿಲಿಗೆ ಕರೆದೊಯ್ಯುತ್ತೇನೆ. ಒಳಗೆ 40 ಆಸನ. ಒಬ್ಬರು ಸರಾಸರಿ 20 ನಿಮಿಷ ಕೂರುತ್ತಾರೆ. ಅಂದರೆ ನಿಮಿಷಕ್ಕೆ ಇಬ್ಬರು ಏಳುತ್ತಾರೆ. ನಿಮ್ಮ ಮುಂದೆ 30 ಜನರಿದ್ದರೆ ಕಾಯಬೇಕಾದ್ದು 15 ನಿಮಿಷ. 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ: ಕಾಯುವ ಕಾಲವೆಂದರೆ ಸಾಲಿನಲ್ಲಿರುವ ಸಂಖ್ಯೆಯನ್ನು ಮುಗಿಯುವ ವೇಗದಿಂದ ಭಾಗಿಸಿದ್ದು.

ಈಗ ನಿಮ್ಮ ಮೇಜು. ಅರ್ಧಕ್ಕೆ ನಿಂತ 12 ಕೆಲಸಗಳಿವೆ, ವಾರಕ್ಕೆ 3 ಮುಗಿಯುತ್ತವೆ. ಇಂದು ಬಂದ ಕೆಲಸ ಸರಾಸರಿ 4 ವಾರಕ್ಕೆ ಹೊರಬೀಳುತ್ತದೆ. ರಾತ್ರಿ ಎಚ್ಚರವಿದ್ದು ವೇಗ ಹೆಚ್ಚಿಸುವುದು ಒಂದು ದಾರಿ. ಕೈಯಲ್ಲಿರುವುದನ್ನು 6ಕ್ಕೆ ಇಳಿಸುವುದು ಇನ್ನೊಂದು, ಆಗ 2 ವಾರ. ಎರಡನೆಯದಕ್ಕೆ ಬೇಕಾದದ್ದು "ಈಗ ಆಗುವುದಿಲ್ಲ, 12ನೇ ತಾರೀಕಿಗೆ ಶುರು ಮಾಡುತ್ತೇನೆ" ಎನ್ನುವ ಧೈರ್ಯ. ಟೊಯೊಟಾ ಕಾರ್ಖಾನೆಗಳಲ್ಲಿ ಬೆಳೆದ 'ಕಾನ್‌ಬಾನ್' ಎಂಬುದಕ್ಕೆ ಜಪಾನಿ ಭಾಷೆಯಲ್ಲಿ ಫಲಕ ಎಂದರ್ಥ. ಗೋಡೆಯ ಮೇಲೆ 'ಮಾಡಬೇಕು, ನಡೆಯುತ್ತಿದೆ, ಮುಗಿಯಿತು' ಎಂದು ಮೂರು ಕಂಬ ಎಳೆದು, ನಡುವಿನ ಕಂಬದಲ್ಲಿ ಇಷ್ಟೇ ಚೀಟಿ ಎಂದು ಕಟ್ಟು ಹಾಕಿ. ಆ ಕಟ್ಟಿಲ್ಲದ ಫಲಕ ಗೋಡೆಯ ಅಲಂಕಾರ ಮಾತ್ರ. ಕಚೇರಿಗಳಲ್ಲಿ ನಾನು ನೋಡುವುದು ಬಹುತೇಕ ಅದನ್ನೇ.

8. ಸಭೆಯ ಸಮಯವನ್ನು ಹಣದ ಪ್ರಕಾರ ಹಂಚಿ

ಪಾರ್ಕಿನ್ಸನ್ ಅವರದೇ ಇನ್ನೊಂದು ನಿಯಮ, 1957ರದು. ಪರಮಾಣು ಸ್ಥಾವರದ ಖರ್ಚು ಸಮಿತಿಯಲ್ಲಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆಯಾಗುತ್ತದೆ, ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಚಪ್ಪರ ಎಲ್ಲರಿಗೂ ಅರ್ಥವಾಗುತ್ತದೆ. ಸಭಾಂಗಣದ ಬಾಡಿಗೆ ತಕರಾರಿಲ್ಲದೆ ದಾಟಿ, ಅತಿಥಿಗಳ ಶಾಲಿನ ಬಣ್ಣಕ್ಕೆ ರಾತ್ರಿ ಹತ್ತಾಗುವುದನ್ನು ನೀವೂ ನೋಡಿರುತ್ತೀರಿ.

ಕಾರ್ಯಸೂಚಿಯ ಪ್ರತಿ ವಿಷಯದ ಎದುರು ನಿಮಿಷಗಳನ್ನು ಬರೆಯಿರಿ, ದೊಡ್ಡ ಮೊತ್ತದ್ದನ್ನು ಮೊದಲು ಇಡಿ. ಒಂದು ಮಿತಿಗಿಂತ ಕಡಿಮೆ ಖರ್ಚಿನ ತೀರ್ಮಾನಗಳನ್ನು ಇಬ್ಬರಿಗೆ ವಹಿಸಿ ಸಭೆಯಿಂದ ಹೊರಗಿಡಿ. ಹಿರಿಯರೊಬ್ಬರು ಶಾಲಿನ ಮಾತೆತ್ತಿದರೆ ತಡೆಯಲು ಹೋಗಬೇಡಿ. ಆ ಇಬ್ಬರಲ್ಲಿ ಒಬ್ಬರಾಗಿ ಅವರನ್ನೇ ನೇಮಿಸಿ.

9. ತಡವಾದಾಗ ಜನ ಸೇರಿಸುವ ಮುನ್ನ ಎಣಿಸಿ

ಐಬಿಎಂನ ಸಿಸ್ಟಮ್/360 ಯಂತ್ರಗಳ ತಂತ್ರಾಂಶ ಯೋಜನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು: ತಡವಾದ ತಂತ್ರಾಂಶ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಹೊಸಬರಿಗೆ ಕಲಿಸುವವರು ಹಳಬರೇ, ಅವರ ಕೆಲಸ ಅಷ್ಟು ಹೊತ್ತು ನಿಲ್ಲುತ್ತದೆ. ಮಾತುಕತೆಯ ಎಳೆಗಳೂ ಹೆಚ್ಚುತ್ತವೆ. 5 ಜನರ ನಡುವೆ 10 ಜೋಡಿಗಳು, 8 ಜನರ ನಡುವೆ 28.

ಆದರೆ ಇದನ್ನು ಎಲ್ಲದಕ್ಕೂ ಅಂಟಿಸಬೇಡಿ. ವಿರಾರ್‌ನಿಂದ ಚರ್ಚ್‌ಗೇಟ್‌ವರೆಗೆ ಆಮಂತ್ರಣ ಹಂಚಲು ಆರು ಜನ ಹೆಚ್ಚು ಬಂದರೆ ಕೆಲಸ ನಿಜವಾಗಿಯೂ ಬೇಗ ಆಗುತ್ತದೆ. ಒಬ್ಬರ ಕೆಲಸ ಇನ್ನೊಬ್ಬರದನ್ನು ಮುಟ್ಟುವುದಿಲ್ಲ. ಕರಡು ತಿದ್ದಲು ಕೊನೆಯ ವಾರ ಮೂವರನ್ನು ಹೊಸದಾಗಿ ಸೇರಿಸಿ ನೋಡಿ. ಒಬ್ಬರು 'ಮುಂಬಯಿ' ಎಂದು ತಿದ್ದಿದ್ದನ್ನು ಇನ್ನೊಬ್ಬರು 'ಮುಂಬೈ' ಮಾಡಿರುತ್ತಾರೆ, ಮೂರನೆಯವರು 'ಬೊಂಬಾಯಿ' ಎಂದಿದ್ದರೂ ಆಶ್ಚರ್ಯವಿಲ್ಲ.

ಜನ ಸೇರಿಸಲಾಗದ ಕಡೆ ಕೆಲಸವನ್ನೇ ಕಡಿಮೆ ಮಾಡಿ. ಇಲ್ಲಿ ಬರುವುದು 80-20ರ ಮಾತು, ಅಂದರೆ ಫಲದ 80 ಪಾಲು 20 ಪಾಲು ಕಾರಣಗಳಿಂದಲೇ ಬರುತ್ತದೆ ಎಂಬುದು. ಇಟಲಿಯ ಭೂಮಿಯ ಬಹುಪಾಲು ಕೆಲವರ ಕೈಯಲ್ಲಿರುವುದನ್ನು ಗಮನಿಸಿದವರು ವಿಲ್ಫ್ರೆಡೊ ಪರೇಟೊ. ಅವರ ಹೆಸರಿನಲ್ಲಿ ಅದನ್ನು ಕೈಗಾರಿಕೆಗೆ ತಂದವರು ಗುಣಮಟ್ಟದ ತಜ್ಞ ಜೋಸೆಫ್ ಜುರಾನ್. 80 ಮತ್ತು 20 ಎಂಬ ಅಂಕಿಗಳಿಗೆ ಮಂತ್ರಶಕ್ತಿ ಇಲ್ಲ. ನಿಮ್ಮಲ್ಲಿ ಅದು 70-30 ಇರಬಹುದು, ಎಣಿಸಿಯೇ ತಿಳಿಯಬೇಕು. ಕಳೆದ ವರ್ಷದ ಜಾಹೀರಾತುಗಳನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಬರೆದು ಮೇಲಿನಿಂದ ಕೂಡಿಸುತ್ತ ಬನ್ನಿ. ಎಷ್ಟನೆಯ ಹೆಸರಿಗೆ ಖರ್ಚಿನ ಬಹುಪಾಲು ಹುಟ್ಟಿತೋ ಅಲ್ಲಿ ಗೆರೆ ಎಳೆಯಿರಿ. ಸಮಯ ಕಡಿಮೆ ಇದ್ದಾಗ ಗೆರೆಯ ಮೇಲಿನವರ ಬಾಗಿಲಿಗೆ ಹೋಗಿ, ಕೆಳಗಿನವರಿಗೆ ಫೋನ್ ಸಾಕು.

10. ಅಳೆಯಿರಿ, ಆದರೆ ಅಳತೆಗೆ ಬಹುಮಾನ ಕಟ್ಟಬೇಡಿ

ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಈಗ ಎಲ್ಲ ಕಚೇರಿಗೂ ಅನ್ವಯಿಸುತ್ತದೆ: ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಅಳತೆಯಾಗಿ ಕೆಲಸಕ್ಕೆ ಬಾರದು. "ಹೆಚ್ಚು ಜಾಹೀರಾತು ತಂದವರಿಗೆ ಸನ್ಮಾನ" ಎಂದರೆ ಹೆಸರುಗಳು ಬರುತ್ತವೆ, ಚೆಕ್ಕುಗಳು ಬರುವುದಿಲ್ಲ. ಕೊಟ್ಟ ಮಾತು ಎಷ್ಟು, ಬ್ಯಾಂಕಿಗೆ ಬಂದದ್ದು ಎಷ್ಟು ಎಂದು ಎರಡು ಕಂಬಗಳಲ್ಲಿ ಬರೆಯಿರಿ.

ಪೀಟರ್ ನಿಯಮದ ಬಗ್ಗೆಯೂ ಕೇಳುತ್ತೀರಿ, ಪ್ರತಿಯೊಬ್ಬರೂ ತಮಗೆ ನಿಭಾಯಿಸಲಾಗದ ಹುದ್ದೆಗೆ ಏರುವವರೆಗೂ ಬಡ್ತಿ ಪಡೆಯುತ್ತಾರೆ ಎಂಬುದು. ಊಟದ ಬಿಡುವಿನ ಹರಟೆಗೆ ಚೆನ್ನಾಗಿದೆ. ಸೋಮವಾರದ ಕೆಲಸಕ್ಕೆ ಅದರಿಂದ ಉಪಯೋಗ ಕಂಡಿಲ್ಲ, ಬಿಟ್ಟಿದ್ದೇನೆ.

ಬಿಡುಗಡೆಯಾದ ಒಂದು ವಾರದೊಳಗೆ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿ ಕೆಲಸಕ್ಕೆ ಎಣಿಸಿದ ದಿನ, ಹಿಡಿದ ದಿನ, ಮೀಸಲಿನಿಂದ ತೆಗೆದದ್ದು ಯಾವಾಗ, ಏಕೆ ಎಂದು ಬರೆಯಿರಿ. ಮುದ್ರಣಾಲಯದ ಫೋನ್ ಸಂಖ್ಯೆಯ ಪಕ್ಕದಲ್ಲಿ ಅಲ್ಲಿ ಯಾವ ಅಕ್ಷರ ನಡೆಯುತ್ತದೆ, ಗಣೇಶನಿಗೆ ಎಷ್ಟು ದಿನ ಬಾಗಿಲು ಹಾಕುತ್ತಾರೆ ಎಂಬುದೂ ಇರಲಿ. ಆ ಪುಸ್ತಕವನ್ನು ಮನೆಗೆ ಒಯ್ಯಬೇಡಿ, ಸಂಘದ ಕಪಾಟಿನಲ್ಲಿ ರಸೀದಿ ಪುಸ್ತಕಗಳ ಜೊತೆಗೆ ಇಡಿ. ಮುಂದಿನ ಕಾರ್ಯದರ್ಶಿ ನಾಲ್ಕನೆಯ ಹಂತಕ್ಕೆ ಬಂದಾಗ ಹುಡುಕುವುದು ಅಲ್ಲಿಯೇ.